ಮೆಚ್ಚಿನ ಹಕ್ಕಿ: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ನಿಮಗೆ ಅಚ್ಚುಮೆಚ್ಚಿನ ಕಾಡುಹಕ್ಕಿ ಯಾವುದು, ಅದನ್ನು ಮೆಚ್ಚಲು ಕಾರಣವೇನು ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬರೆದವರಲ್ಲಿ ಬಹಳ ಮಂದಿ ತಮ್ಮ ಹಕ್ಕಿಯ ಹೆಸರಿನ ಜೊತೆಗೆ ಒಂದು ಪ್ರಶ್ನೆಯನ್ನೂ ಕಳುಹಿಸಿದ್ದಾರೆ. ನವಿಲನ್ನು ಹೆಸರಿಸಿದವರು ನಾವು ಎಣಿಸಿದ್ದಕ್ಕಿಂತ ಕಡಿಮೆ. ಸೂರಿನಡಿಯಲ್ಲಿ, ಬಾವಿಕಟ್ಟೆಯ ಬಳಿ, ಹೊಲದ ಬದುವಿನಲ್ಲಿ ದಿನವೂ ಕಣ್ಣಿಗೆ ಬೀಳುವ ಹಕ್ಕಿಗಳನ್ನು ನೆನೆದವರೇ ಹೆಚ್ಚು. ಕಾಡುಹಕ್ಕಿ ಎಂದರೆ ಕಾಡಿನಲ್ಲಿಯೇ ಇರಬೇಕೇ ಎಂದು ಕೆಲವರು ಸಂದೇಹಪಟ್ಟಿದ್ದಾರೆ. ಯಾರೂ ಸಾಕದ, ತನ್ನ ಪಾಡಿಗೆ ತಾನು ಬದುಕುವ ಹಕ್ಕಿ ಎಲ್ಲಿದ್ದರೂ ಅದು ಕಾಡುಹಕ್ಕಿಯೇ ಎಂಬ ಅರ್ಥದಲ್ಲಿ ನಾವು ಆ ಮಾತನ್ನು ಬಳಸಿದ್ದೇವೆ.

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂಟಿ ಮನೆ. ಮಳೆಗಾಲ ಹಿಡಿಯುತ್ತಿದ್ದಂತೆ ನಸುಕಿನಲ್ಲಿ, ಕೊಟ್ಟಿಗೆಯ ದೀಪ ಹಾಕುವ ಮೊದಲೇ, ತೋಟದ ಕೆಳಗಿನ ಹಳ್ಳದ ಕಡೆಯಿಂದ ಯಾರೋ ಶಿಳ್ಳೆ ಹಾಕಿದಂತೆ ಕೇಳುತ್ತದೆ. ಅದು ಹಕ್ಕಿಯೆಂದು ಗೊತ್ತು, ಆದರೆ ಇಷ್ಟು ವರ್ಷದಲ್ಲಿ ನೆಟ್ಟಗೆ ಕಂಡದ್ದಿಲ್ಲ. ನನ್ನ ಮೆಚ್ಚಿನ ಹಕ್ಕಿ ಅದೇ. ಕಾಣದ ಹಕ್ಕಿಯನ್ನು ಇಷ್ಟು ಮೆಚ್ಚುವುದು ಉಂಟೇ?

ಉತ್ತರ: ಧಾರಾಳವಾಗಿ ಉಂಟು. ನೀವು ಕೇಳುತ್ತಿರುವುದು ಪಶ್ಚಿಮ ಘಟ್ಟದ ಸಿಳ್ಳಾರವನ್ನು. ಮೈನಾಕ್ಕಿಂತ ತುಸು ದೊಡ್ಡದಾದ, ಸುಮಾರು 25 ಸೆಂಟಿಮೀಟರ್ ಉದ್ದದ ಈ ಹಕ್ಕಿ ದೂರಕ್ಕೆ ಕರಿಯದಾಗಿ ಕಾಣುತ್ತದೆ. ಹಳ್ಳದ ಬಂಡೆಯ ಮೇಲೆ ಅದು ಕುಳಿತಿರುವಾಗ ಎಲೆಗಳ ಸಂದಿಯಿಂದ ಬಿಸಿಲಿನ ಒಂದು ಕೋಲು ಬಿದ್ದರೆ, ಹಣೆಯಲ್ಲೂ ಹೆಗಲಲ್ಲೂ ಹೊಳೆಯುವ ನೀಲಿ ಒಮ್ಮೆಲೇ ಎದ್ದು ಕಾಣುತ್ತದೆ. ಬಿಸಿಲು ಸರಿದೊಡನೆ ಮತ್ತೆ ಕರಿಯ ಹಕ್ಕಿಯೇ. ಹರಿಯುವ ನೀರಿನ ಆಸುಪಾಸನ್ನು ಅದು ಬಿಡುವುದಿಲ್ಲ. ಹಳ್ಳದ ಏಡಿ, ಬಸವನಹುಳು, ಕಪ್ಪೆ, ನೀರಿನ ಹುಳುಗಳು, ಜೊತೆಗೆ ಹಣ್ಣು ಅದರ ಆಹಾರ. ಅಬ್ಬಿಯ ಪಕ್ಕದ ಬಂಡೆಯ ಚಾಚುಗಳಲ್ಲಿ ಬೇರು, ಹಾವಸೆ, ಕೆಸರು ಸೇರಿಸಿ ಗೂಡು ಕಟ್ಟುತ್ತದೆ. ಒಮ್ಮೊಮ್ಮೆ ಹಳೆಯ ಕಟ್ಟಡದ ಮಾಡಿನಡಿಯ ಮೂಲೆಯೂ ಅದಕ್ಕೆ ಸಾಕಾಗುತ್ತದೆ.

ಅದರ ಹಾಡಿನ ವಿಶೇಷವಿರುವುದು ಅದು ಮನುಷ್ಯರ ಶಿಳ್ಳೆಗೆ ತೀರ ಹತ್ತಿರವಾಗಿರುವುದರಲ್ಲಿ. ಒಂದು ರಾಗವನ್ನು ಎತ್ತಿಕೊಂಡು, ನಾಲ್ಕು ಸ್ವರ ಸಾಗಿ, ಮುಂದಿನದು ಮರೆತುಹೋಯಿತೋ ಎಂಬಂತೆ ನಿಂತು, ಮತ್ತೆ ಬೇರೆಡೆಯಿಂದ ಹಿಡಿಯುವ ಆ ಧಾಟಿಯನ್ನು ಕೇಳಿಯೇ ಇಂಗ್ಲಿಷರು ಅದನ್ನು ಶಿಳ್ಳೆ ಹಾಕುವ ಶಾಲಾಹುಡುಗ ಎಂದು ಕರೆದರು. ಬೇಸಗೆಯ ಕೊನೆಗೆ, ಮಳೆಯ ಸೂಚನೆ ಸಿಕ್ಕ ದಿನಗಳಲ್ಲಿ ಗಂಡುಹಕ್ಕಿಯ ಹಾಡು ಜೋರಾಗುತ್ತದೆ, ಏಕೆಂದರೆ ಮಳೆಗಾಲವೇ ಅದು ಮರಿ ಮಾಡುವ ಕಾಲ. ಮಳೆಗಾಲ ಕಳೆದ ಮೇಲೆ ಒಂದೇ ಎಳೆಯ ಮೊನಚಾದ ಕೂಗಷ್ಟೇ ಹೆಚ್ಚಾಗಿ ಕೇಳಿಬರುತ್ತದೆ.

ನೀವು ಅದನ್ನು ಏಕೆ ಮೆಚ್ಚಿದ್ದೀರಿ ಎಂಬುದು ನಿಮ್ಮ ಪತ್ರದಲ್ಲಿಯೇ ಇದೆ. ನಸುಕು, ಮಳೆ, ಕೊಟ್ಟಿಗೆ, ಹಳ್ಳದ ಮೊರೆತ, ಇವೆಲ್ಲ ಆ ಹಾಡಿನೊಡನೆ ಹೆಣೆದುಕೊಂಡಿವೆ. ಕಣ್ಣಿಗೆ ಬಿದ್ದ ಹಕ್ಕಿಯನ್ನು ನಾವು ಗುರುತಿಸುತ್ತೇವೆ, ಕಿವಿಗೆ ಬಿದ್ದ ಹಕ್ಕಿಗಾಗಿ ಕಾಯುತ್ತೇವೆ. ನೋಡಲೇಬೇಕೆಂದಿದ್ದರೆ ಮಳೆ ಬಿಟ್ಟ ಬೆಳಿಗ್ಗೆ, ಹಳ್ಳದಿಂದ ಸಾಕಷ್ಟು ದೂರದಲ್ಲಿ, ಅಡಿಕೆ ಮರಕ್ಕೆ ಒರಗಿ ಅರ್ಧ ಗಂಟೆ ಅಲುಗದೆ ಕುಳಿತುಕೊಳ್ಳಿ. ಗೂಡು ಕಂಡರೆ ಮಾತ್ರ ಹತ್ತಿರ ಹೋಗಬೇಡಿ.

ಪ್ರಶ್ನೆ: ನಾನು ನಿವೃತ್ತ ಕನ್ನಡ ಅಧ್ಯಾಪಕ. ಬನವಾಸಿಯ ನಂದನದಲ್ಲಿ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂದು ಆದಿಕವಿ ಪಂಪ ಹಂಬಲಿಸಿದ ಮಾತನ್ನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಹಾಡುವುದು ಹೆಣ್ಣು ಕೋಗಿಲೆಯೆಂದೇ ನಾವೆಲ್ಲ ನಂಬಿದ್ದೆವು. ಮೊಮ್ಮಗಳು ಅಲ್ಲವೆನ್ನುತ್ತಾಳೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಮೊಮ್ಮಗಳ ಮಾತು ಸರಿ. ಯುಗಾದಿಯ ಆಸುಪಾಸಿನಲ್ಲಿ ಮಾವಿನ ಮರದಿಂದ ಕೇಳಿಬರುವ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಹೋಗುವ ಕುಹೂ ಗಂಡಿನದು. ಅದು ಮಿರುಗುವ ಕಪ್ಪು ಬಣ್ಣದ್ದು, ಕಣ್ಣು ಕಡುಗೆಂಪು. ಹೆಣ್ಣು ಕಂದು ಬಣ್ಣದ್ದು, ಮೈತುಂಬ ಬಿಳಿಯ ಚುಕ್ಕೆ ಮತ್ತು ಪಟ್ಟೆ. ಅದರ ದನಿ ಕಿಕ್ ಕಿಕ್ ಕಿಕ್ ಎಂಬ ಅವಸರದ ಕೂಗು. ಈ ಹೆಣ್ಣು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ ಎಂಬುದು ನಿಮಗೆ ಗೊತ್ತೇ ಇದೆ, ಆ ಕಾರಣಕ್ಕಾಗಿಯೇ ಕೋಗಿಲೆಯ ಹಾಡಿನ ಕಾಲವೂ ಕಾಗೆ ಗೂಡು ಕಟ್ಟುವ ಕಾಲವೂ ಒಂದಾಗಿವೆ. ಇದರಿಂದ ಪಂಪನ ಹಂಬಲಕ್ಕೆ ಏನೂ ಕುಂದಿಲ್ಲ. ಕವಿ ಕೇಳಿದ್ದು ಆ ನಾಡಿನಲ್ಲಿ ಹುಟ್ಟುವ ಭಾಗ್ಯವನ್ನು.

ಪ್ರಶ್ನೆ: ನನ್ನ ತಾಯಿಯ ತವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ನನ್ನ ಮೆಚ್ಚಿನ ಹಕ್ಕಿ ಹೆಜ್ಜಾರ್ಲೆ (ಪೆಲಿಕನ್). ಈ ಹಕ್ಕಿಗಳು ನಮ್ಮ ಮನೆಯ ಹೆಣ್ಣುಮಕ್ಕಳು, ಬಾಣಂತನಕ್ಕೆ ತವರಿಗೆ ಬರುತ್ತವೆ ಎಂದು ಅಜ್ಜಿ ಹೇಳುತ್ತಿದ್ದರು. ಕಚೇರಿಯ ಗೆಳೆಯರೊಬ್ಬರು, ‘ಅದೆಲ್ಲ ಬಾಯಿಮಾತು, ಹಕ್ಕಿಯ ಹಿಕ್ಕೆ ಗೊಬ್ಬರವಾಗುತ್ತದೆಂದು ಊರಿನವರು ಸುಮ್ಮನಿದ್ದಾರೆ’ ಎಂದರು. ನನಗೆ ನೋವಾಯಿತು. ನಿಜ ಯಾವುದು?

ಉತ್ತರ: ಗೊಬ್ಬರದ ಮಾತು ಸುಳ್ಳಲ್ಲ. ಗೂಡುಗಳಿರುವ ಮರದಡಿ ಗುಂಡಿ ತೋಡಿ, ಕೆರೆಯ ಗೋಡು ಮಣ್ಣನ್ನು ತುಂಬಿ, ಅದರ ಮೇಲೆ ಬೀಳುವ ಹಿಕ್ಕೆಯನ್ನು ಬೆರೆಸಿ ಹೊಲಗದ್ದೆಗೆ ಹಾಕುವ ಪದ್ಧತಿ ಆ ಊರಿನಲ್ಲಿದೆ. ಮೀನು ತಿನ್ನುವ ಹಕ್ಕಿಯ ಹಿಕ್ಕೆ ಒಳ್ಳೆಯ ಸತ್ವದ ಗೊಬ್ಬರ. ಆದರೆ ನಿಮ್ಮ ಗೆಳೆಯರು ಲೆಕ್ಕದ ಒಂದು ಬದಿಯನ್ನಷ್ಟೇ ಓದಿದ್ದಾರೆ.

ಇನ್ನೊಂದು ಬದಿಯಲ್ಲಿ ಏನಿದೆ ಎಂಬುದನ್ನು ಆ ಊರಿನ ಬೀದಿಯಲ್ಲಿ ಫೆಬ್ರವರಿ ತಿಂಗಳಲ್ಲಿ ಒಂದು ಹಗಲು ನಿಂತರೆ ತಿಳಿಯುತ್ತದೆ. ಹೆಜ್ಜಾರ್ಲೆಗಳು ಚಳಿಗಾಲದ ಆರಂಭಕ್ಕೆ, ಬಣ್ಣದ ಕೊಕ್ಕರೆಗಳು ಅವುಗಳ ಹಿಂದೆಯೇ ಬಂದು, ಮನೆಗಳ ನಡುವಿನ ಹುಣಸೆ, ಅರಳಿ, ಅತ್ತಿ ಮರಗಳ ತಲೆಯ ಮೇಲೆ ಗೂಡು ಹೂಡುತ್ತವೆ. ನಾಲ್ಕೈದು ಕೆ.ಜಿ. ತೂಗುವ ಹಕ್ಕಿಗಳು ಒಂದೊಂದು ಮರದಲ್ಲಿ ಹತ್ತಾರು ಜೋಡಿ ಕುಳಿತರೆ ಆ ಮರದ ಹುಣಸೆಹಣ್ಣಿನ ಆಸೆಯನ್ನು ಮನೆಯವರು ಬಿಡಬೇಕಾಗುತ್ತದೆ. ಅಂಗಳಕ್ಕೆ ಹಿಕ್ಕೆ ಬೀಳುತ್ತದೆ, ಒಣಹಾಕಿದ ಬಟ್ಟೆಯ ಮೇಲೂ ಬೀಳುತ್ತದೆ. ಮರಿಯ ಬಾಯಿಂದ ಜಾರಿದ ಮೀನು ಹೆಂಚಿನ ಮೇಲೆ ಬಿದ್ದು ಕೊಳೆಯುತ್ತದೆ, ಅದರ ನಾತ ಹೊಸಬರಿಗೆ ತಡೆಯಲಾಗದು. ಹಗಲಿಡೀ ಕೊಕ್ಕರೆಗಳ ಕೊಕ್ಕಿನ ಕಟಕಟ, ಮರಿಗಳ ರಂಪ. ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತ ಬಂದಿದೆ, ನಿಜ. ಆದರೆ ಊರಿನವರು ಹಕ್ಕಿಗಳನ್ನು ಇರಗೊಟ್ಟದ್ದು ಪರಿಹಾರ ಎಂಬ ಮಾತು ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ. ಕಳೆದ ಶತಮಾನದ ಆರಂಭದಲ್ಲಿ ಪ್ಲೇಗ್ ಬಂದಾಗ ಶಿಂಷಾ ನದಿಯ ದಂಡೆಯಲ್ಲಿದ್ದ ಹಳೆಯ ಊರನ್ನು ಬಿಟ್ಟು ಜನ ಈಗಿನ ಜಾಗಕ್ಕೆ ಬಂದರೆಂದೂ ಹಕ್ಕಿಗಳೂ ಅವರ ಹಿಂದೆಯೇ ಬಂದವೆಂದೂ ಹಿರಿಯರು ಹೇಳುತ್ತಾರೆ.

ನಾನು ಅಲ್ಲಿಗೆ ಹೋದಾಗ ಬಹಳ ಹೊತ್ತು ನೋಡುತ್ತ ನಿಂತದ್ದು ಮರಿಗೆ ಊಡಿಸುವುದನ್ನು. ತಾಯಿಯೋ ತಂದೆಯೋ ಗೂಡಿಗೆ ಇಳಿದು ಕೊಕ್ಕು ತೆರೆದೊಡನೆ ಬಲಿತ ಮರಿ ತನ್ನ ತಲೆಯನ್ನು, ಕತ್ತನ್ನು, ಹೆಚ್ಚುಕಡಿಮೆ ಹೆಗಲವರೆಗೂ ಕೊಕ್ಕಿನಡಿಯ ಚೀಲದೊಳಗೆ ತೂರಿಸಿಬಿಡುತ್ತದೆ. ಹೊರಗಿನಿಂದ ನೋಡಿದರೆ ದೊಡ್ಡ ಹಕ್ಕಿ ಮರಿಯನ್ನೇ ನುಂಗುತ್ತಿದೆಯೇನೋ ಎನ್ನಿಸುತ್ತದೆ. ಚೀಲದ ತೆಳುವಾದ ತೊಗಲಿನ ಮೂಲಕ ಒಳಗಿನ ಮರಿಯ ಕೊಕ್ಕು ಅತ್ತಿತ್ತ ತಡಕಾಡುವುದು ಕಾಣುತ್ತದೆ. ಪಕ್ಕದಲ್ಲಿ ಕೊಟ್ಟಿಗೆಯ ಕಸ ಬಳಿಯುತ್ತಿದ್ದ ಹೆಂಗಸೊಬ್ಬರು ತಲೆಯೆತ್ತಿ ನೋಡಿ, ‘ಹೊಟ್ಟೆ ತುಂಬದು ಅದಕ್ಕೆ’ ಎಂದರು. ಸ್ವಂತ ಮಗುವಿನ ಬಗ್ಗೆ ಹೇಳುವ ದನಿಯೇ ಅದು.

ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ದೊಡ್ಡ ಹಕ್ಕಿಗಳು ಮತ್ತೆ ಮೇಲಕ್ಕೆ ಒಯ್ಯಲಾರವು. 1990ರ ದಶಕದಲ್ಲಿ ಮೈಸೂರಿನ ಪ್ರಕೃತಿಪ್ರಿಯರೂ ಊರಿನ ಯುವಕರೂ ಸೇರಿ ಕಟ್ಟಿದ ಹೆಜ್ಜಾರ್ಲೆ ಬಳಗ ಇಂತಹ ಮರಿಗಳನ್ನು ಬೇಲಿಯೊಳಗೆ ಇರಿಸಿ, ಮೀನು ತಿನ್ನಿಸಿ, ಹಾರಲು ಕಲಿತ ಮೇಲೆ ಬಿಡುವ ಕೆಲಸವನ್ನು ಕೈಗೆತ್ತಿಕೊಂಡಿತು. 2007ರಲ್ಲಿ ಈ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಗೊಬ್ಬರ ಸಿಗುತ್ತದೆ ಎಂದ ಮಾತ್ರಕ್ಕೆ ಬಿದ್ದ ಮರಿಯ ಬಾಯಿಗೆ ಯಾರೂ ಮೀನು ಇಡುವುದಿಲ್ಲ. ಹಸು ಹಾಲು ಕೊಡುತ್ತದೆ, ಮನೆಯವರು ಅದಕ್ಕೆ ಹೆಸರಿಟ್ಟು ಕರೆಯುತ್ತಾರೆ; ಹಾಲಿಗಾಗಿ ಮಾತ್ರ ಹೆಸರಿಟ್ಟರು ಎಂದು ನಮ್ಮಲ್ಲಿ ಯಾರಾದರೂ ಹೇಳುತ್ತಾರೆಯೇ? ನಿಮ್ಮ ಅಜ್ಜಿಯ ಮಾತನ್ನು ನೀವು ಧೈರ್ಯವಾಗಿ ನಂಬಬಹುದು. ನನ್ನ ಚಿಂತೆಯಿರುವುದು ಬೇರೆಡೆ: ಊರಿನ ಹಳೆಯ ಹುಣಸೆ ಮರಗಳು ಒಂದೊಂದಾಗಿ ಮುಪ್ಪಾಗುತ್ತಿವೆ, ಸುತ್ತಲಿನ ಕೆರೆಗಳಲ್ಲಿ ನೀರು ನಿಂತರಷ್ಟೇ ಮೀನು. ತವರಿನಲ್ಲಿ ಮರವೂ ನೀರೂ ಉಳಿಯದಿದ್ದರೆ ಮಗಳು ಬರುವುದು ಎಲ್ಲಿಗೆ?

ಪ್ರಶ್ನೆ: ನೀಲಕಂಠ ನಮ್ಮ ರಾಜ್ಯಪಕ್ಷಿ, ನನ್ನ ಮೆಚ್ಚಿನ ಹಕ್ಕಿಯೂ ಹೌದು. ವಿಜಯದಶಮಿಯ ದಿನ ಅದನ್ನು ಕಂಡರೆ ಶುಭ ಎನ್ನುತ್ತಾರೆ. ಬೇರೊಂದು ಊರಿನಲ್ಲಿ ಒಬ್ಬಾತ ಅದನ್ನು ಪಂಜರದಲ್ಲಿಟ್ಟು ಹಣ ಪಡೆದು ತೋರಿಸುತ್ತಿದ್ದ. ಆ ದರ್ಶನದಿಂದ ಫಲವಿದೆಯೇ? ಅಲ್ಲದೆ ಅದರ ಕೊರಳು ನೀಲಿಯಾಗಿರಲಿಲ್ಲ. ಅದು ನಿಜವಾಗಿಯೂ ನೀಲಕಂಠವೇ?

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನೀಲಕಂಠದ ಕೊರಳು ನೀಲಿಯಲ್ಲ; ಅದು ನಸುಗೆಂಪು ಬೆರೆತ ಕಂದು, ಅದರ ಮೇಲೆ ಮಾಸಲು ಬಿಳಿಯ ಗೀರುಗಳು. ನೀಲಿಯಿರುವುದು ನೆತ್ತಿಯಲ್ಲಿ, ಬಾಲದಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ರೆಕ್ಕೆಯಲ್ಲಿ. ತಂತಿಯ ಮೇಲೆ ಕುಳಿತಾಗ ಮಂಕಾಗಿ ಕಾಣುವ ಹಕ್ಕಿ ರೆಕ್ಕೆ ಬಿಚ್ಚಿತೆಂದರೆ ತಿಳಿನೀಲಿ, ಕಡುನೀಲಿಗಳ ಪಟ್ಟೆಗಳು ತೆರೆದುಕೊಳ್ಳುತ್ತವೆ. ವಿಷಕಂಠನಾದ ಶಿವನ ಹೆಸರನ್ನು ಜನ ಆ ನೀಲಿಗೆ ಮನಸೋತು ಕೊಟ್ಟಿರಬೇಕು. ಆ ನೀಲಿ ಗರಿಗೆ ಬಳಿದ ಬಣ್ಣವೂ ಅಲ್ಲ. ಗರಿಯೊಳಗಿನ ಅತಿಸೂಕ್ಷ್ಮವಾದ ರಚನೆ ಬೆಳಕನ್ನು ಚದುರಿಸುವ ಬಗೆಯಿಂದ ನಮ್ಮ ಕಣ್ಣಿಗೆ ನೀಲಿ ಕಾಣುತ್ತದೆ. ದಾರಿಯಲ್ಲಿ ಬಿದ್ದಿದ್ದ ಒಂದು ಗರಿಯನ್ನು ಸೂರ್ಯನಿಗೆ ಅಡ್ಡಹಿಡಿದು ನೋಡಿದ್ದೆ. ಬೆಳಕು ಹಿಂದಿನಿಂದ ಬಂದಾಗ ನೀಲಿ ಅಳಿದು ಬರಿಯ ಕಂದು ಉಳಿದಿತ್ತು.

ಪಂಜರದ ಹಕ್ಕಿಯ ವಿಷಯದಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನೀಲಕಂಠವನ್ನು ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ದಸರೆಗೆ ಕೆಲವು ದಿನ ಮೊದಲೇ ಹಿಡಿದು, ಕಾಲಿಗೆ ದಾರ ಬಿಗಿದು, ಹಾರದಂತೆ ಗರಿ ಕತ್ತರಿಸಿ ಅಥವಾ ಅಂಟಿಸಿ ಇಡುವುದುಂಟು. ಹಬ್ಬ ಮುಗಿದ ಮೇಲೆ ಬಿಟ್ಟರೂ ಅಂತಹ ಹಕ್ಕಿ ಬೇಟೆಯಾಡಿ ಬದುಕುವುದು ದುಸ್ತರ. ಹಣ ಕೊಟ್ಟವರೆಲ್ಲ ಮುಂದಿನ ವರ್ಷದ ಬಲೆಗೆ ದಾರ ಕೊಟ್ಟಂತೆ. ಇಂತಹದು ಕಣ್ಣಿಗೆ ಬಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ದರ್ಶನವೇ ಬೇಕೆಂದರೆ ಹಬ್ಬದ ಬೆಳಿಗ್ಗೆ ಬಯಲುಸೀಮೆಯ ಯಾವುದೇ ಹೊಲದ ದಾರಿಯಲ್ಲಿ ಎರಡು ಮೈಲಿ ನಡೆಯಿರಿ. ವಿದ್ಯುತ್ ತಂತಿಯ ಮೇಲೋ ಒಣಗಿದ ಕೊಂಬೆಯ ತುದಿಯಲ್ಲೋ ಅದು ಕುಳಿತಿರುತ್ತದೆ, ಮಿಡತೆ ಕಂಡೊಡನೆ ನೆಲಕ್ಕಿಳಿದು ಹಿಡಿದು ಮತ್ತೆ ಅಲ್ಲಿಗೇ ಬರುತ್ತದೆ. ಬೇಸಗೆಯಲ್ಲಿ ಹೋದರೆ ಇನ್ನೂ ಒಳ್ಳೆಯದು. ಗಂಡು ಆಗಸಕ್ಕೇರಿ, ರೆಕ್ಕೆ ಮಡಚಿ, ಮಗುಚುತ್ತ ಉರುಳುತ್ತ ಇಳಿಯುವ ಆಟವನ್ನು ಆಗ ಕಾಣಬಹುದು.

ಪ್ರಶ್ನೆ: ಬೆಂಗಳೂರಿನಲ್ಲಿ ನಾವು ಬಾಡಿಗೆಗಿದ್ದ ಹಳೆಯ ಹೆಂಚಿನ ಮನೆಯಲ್ಲಿ ದೇವರ ಪಟದ ಹಿಂದೆ ಗುಬ್ಬಿಗಳು ಗೂಡು ಕಟ್ಟುತ್ತಿದ್ದವು. ಈಗ ಅದೇ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿದ್ದೇವೆ, ಒಂದು ಗುಬ್ಬಿಯೂ ಇಲ್ಲ. ಮೊಬೈಲ್ ಗೋಪುರಗಳು ಗುಬ್ಬಿಗಳನ್ನು ಕೊಂದವು ಎನ್ನುತ್ತಾರೆ. ಹೌದೇ? ನನ್ನ ಮಗನಿಗೆ ಗುಬ್ಬಿಯನ್ನು ತೋರಿಸುವುದು ಹೇಗೆ?

ಉತ್ತರ: ಆ ಗೋಡೆಗೆ ವಾಲಿದ ಪಟ, ಅದರ ಹಿಂದಿನಿಂದ ಇಳಿಬಿದ್ದ ಹುಲ್ಲು, ಪೂಜೆಯ ಹೊತ್ತಿಗೆ ತಲೆಯ ಮೇಲೆ ಉದುರುವ ಗರಿ, ಗುಬ್ಬಿ ಒಳಗಿದೆಯೆಂದು ಫ್ಯಾನ್ ಹಾಕದೆ ಬೆವರುತ್ತ ಕುಳಿತ ಮಧ್ಯಾಹ್ನಗಳು, ಇವೆಲ್ಲ ಬಹಳ ಪತ್ರಗಳಲ್ಲಿ ಬಂದಿವೆ. ಗುಬ್ಬಿಯನ್ನು ಮೆಚ್ಚಿದವರು ಅದರ ಅಂದವನ್ನು ಹೊಗಳಿಲ್ಲ, ಮನೆಯವರೊಬ್ಬರ ಬಗ್ಗೆ ಬರೆದಂತೆ ಬರೆದಿದ್ದಾರೆ.

ಮೊಬೈಲ್ ಗೋಪುರದ ಆರೋಪ ಇದುವರೆಗೆ ಸಾಬೀತಾಗಿಲ್ಲ. ಭಾರತದ ಹಕ್ಕಿಗಳ ಸ್ಥಿತಿಗತಿಯ ಬಗ್ಗೆ 2020ರಲ್ಲಿ ಹೊರಬಂದ ವರದಿ, ಒಟ್ಟು ದೇಶದಲ್ಲಿ ಗುಬ್ಬಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಮಹಾನಗರಗಳಲ್ಲಿ ಮಾತ್ರ ಇಳಿದಿದೆ ಎಂದಿತು. ನಗರ ಬಿಟ್ಟು ಹೋದದ್ದಕ್ಕೆ ಕಾರಣಗಳನ್ನು ನಮ್ಮ ಮನೆಗಳಲ್ಲಿಯೇ ಹುಡುಕಬೇಕು. ಹೆಂಚಿನ ಸಂದಿಯಿಲ್ಲ, ಗೋಡೆಯಲ್ಲಿ ಗೂಡಿಲ್ಲ, ನುಣುಪಾದ ಕಾಂಕ್ರೀಟಿನಲ್ಲಿ ಕಾಲೂರಲು ಚಾಚಿಲ್ಲ. ಕಾಳು ಕೇರುವ ಅಂಗಳ ಹೋಯಿತು, ಮೂಟೆ ಬಿಚ್ಚಿ ಅಕ್ಕಿ ಅಳೆಯುವ ಅಂಗಡಿ ಹೋಯಿತು. ಬಹಳ ಜನ ಮರೆಯುವ ಮಾತೊಂದಿದೆ: ದೊಡ್ಡ ಗುಬ್ಬಿ ಕಾಳು ತಿಂದು ಬದುಕೀತು, ಮರಿಗೆ ಮೊದಲ ದಿನಗಳಲ್ಲಿ ಹುಳುವೇ ಬೇಕು. ಔಷಧಿ ಹೊಡೆದ ಹುಲ್ಲುಹಾಸಿನಲ್ಲಿ, ಹುಳು ತಿನ್ನದ ಅಲಂಕಾರದ ಗಿಡಗಳಲ್ಲಿ ಆ ಹುಳು ಸಿಗುವುದಿಲ್ಲ.

ಹತ್ತಿರದಲ್ಲಿ ಎಲ್ಲಿಯಾದರೂ ಗುಬ್ಬಿಗಳು ಉಳಿದಿದ್ದರೆ ಮರದ ಗೂಡುಪೆಟ್ಟಿಗೆಯಿಂದ ಅವನ್ನು ಕರೆಯಬಹುದು. ಬಾಗಿಲಿನ ತೂತು ಸುಮಾರು 3.2 ಸೆಂಟಿಮೀಟರ್ ಅಗಲವಿರಲಿ; ಇನ್ನೂ ದೊಡ್ಡದಾದರೆ ಮೈನಾ ನುಗ್ಗುತ್ತದೆ. ಬಿಸಿಲು, ಮಳೆ, ಬೆಕ್ಕು ತಾಗದ ಎತ್ತರದಲ್ಲಿ ಕಟ್ಟಿ. ಕುಂಡಗಳಲ್ಲಿ ಒಂದಾದರೂ ಹುಳು ಹಿಡಿಯುವ ದಾಸವಾಳವೋ ಅವರೆಯೋ ಇರಲಿ. ತಕ್ಷಣಕ್ಕೆ ಮಗನಿಗೆ ತೋರಿಸಬೇಕೆಂದರೆ ಯಾವುದಾದರೂ ಹಳ್ಳಿಯ ಬಸ್ ನಿಲ್ದಾಣದ ಚಹಾ ಅಂಗಡಿಗೆ ಕರೆದೊಯ್ಯಿರಿ. ಬೆಂಚಿನ ಕೆಳಗೆ ಬಿದ್ದ ಬನ್ನಿನ ಚೂರಿಗೆ ಅವು ಬಂದೇ ಬರುತ್ತವೆ.

ಪ್ರಶ್ನೆ: ನಾನು ಧಾರವಾಡದ ವಿದ್ಯಾರ್ಥಿನಿ. ನನಗೆ ಗೂಬೆ ಎಂದರೆ ಪ್ರೀತಿ. ನಮ್ಮ ಹಿತ್ತಲಿನ ಮಾವಿನ ಪೊಟರೆಯಲ್ಲಿ ಪುಟ್ಟ ಗೂಬೆಗಳ ಒಂದು ಜೋಡಿ ಇದೆ. ಅಪಶಕುನವೆಂದು ಅಜ್ಜಿ ಆ ಪೊಟರೆ ಮುಚ್ಚಿಸಬೇಕೆನ್ನುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ವರ್ಣನೆಯಂತೆ ಅವು ಮೈಮೇಲೆ ಬಿಳಿಚುಕ್ಕೆಯಿರುವ, ನೀವು ನೋಡಿದರೆ ತಲೆಯನ್ನು ಮೇಲೆ ಕೆಳಗೆ ತೂಗಿ ನಿಮ್ಮನ್ನೇ ಅಳೆದು ನೋಡುವ ಹಾಲಕ್ಕಿಗಳು. ಅಜ್ಜಿಗೆ ಆ ಹೆಸರನ್ನೇ ಹೇಳಿ. ನಸುಕಿನಲ್ಲಿ ಡಮರು ಬಾರಿಸುತ್ತ ಮನೆಬಾಗಿಲಿಗೆ ಬರುತ್ತಿದ್ದ ಬುಡಬುಡಿಕೆಯವನು, ‘ಹಾಲಕ್ಕಿ ನುಡಿದೈತೆ, ಶುಭವಾಗತೈತೆ’ ಎಂದು ಸಾರುತ್ತಿದ್ದದ್ದು ಅವರಿಗೆ ಖಂಡಿತ ನೆನಪಿರುತ್ತದೆ. ಯಾವ ಹಕ್ಕಿಯ ನುಡಿಯನ್ನು ಶುಭವೆಂದು ನಂಬಿ ಮೊರದಲ್ಲಿ ಜೋಳ ತಂದು ಸುರಿದರೋ ಅದೇ ಹಕ್ಕಿ ಈಗ ಅವರ ಹಿತ್ತಲಿನಲ್ಲಿದೆ. ಅದು ತಿನ್ನುವುದು ಜೀರುಂಡೆ, ಮಿಡತೆ, ಹಲ್ಲಿ, ಇಲಿಮರಿ. ಗೂಬೆಗಳನ್ನು ಮಾಟ ಮಂತ್ರಕ್ಕಾಗಿ ಕೊಲ್ಲುವ ಹೀನಕೃತ್ಯ ದೇಶದ ಕೆಲವೆಡೆ ಇನ್ನೂ ನಡೆಯುತ್ತಿದೆ. ಅದಕ್ಕೆ ಬೇರು ಈ ಅಪಶಕುನದ ಮಾತೇ ಆದ್ದರಿಂದ ನಿಮ್ಮಂತಹ ಹುಡುಗಿಯರ ಪ್ರೀತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಸಂಜೆ ಅಜ್ಜಿಯನ್ನು ಮಾವಿನ ಮರದ ಬಳಿ ಕುಳ್ಳಿರಿಸಿ, ಮರಿಗಳು ಪೊಟರೆಯಿಂದ ಇಣುಕುವುದನ್ನು ಒಮ್ಮೆ ತೋರಿಸಿ.

ಪ್ರಶ್ನೆ: ಹನ್ನೆರಡು ವರ್ಷಗಳಿಂದ ಲಂಡನ್ನಿನ ಹೊರವಲಯದಲ್ಲಿದ್ದೇನೆ. ಹಾಸನದಲ್ಲಿ ಬೆಳೆದ ನನಗೆ ಮಡಿವಾಳ ಹಕ್ಕಿಯ ಹಾಡೆಂದರೆ ಪ್ರಾಣ. ಇಲ್ಲಿ ತೋಟ ಅಗೆಯುವಾಗ ಎದೆ ಕೆಂಪಗಿರುವ ರಾಬಿನ್ ಗುದ್ದಲಿಯ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಎರಡೂ ಬಂಧುಗಳೇ? ಇಲ್ಲಿನ ಜನ ಅದನ್ನು ಇಷ್ಟು ಮೆಚ್ಚುವುದು ಏಕೆ?

ಉತ್ತರ: ಬಂಧುಗಳು ಹೌದು, ತೀರ ಹತ್ತಿರದವಲ್ಲ, ಎರಡೂ ಹಳೆಯ ಪ್ರಪಂಚದ ನೊಣಹಿಡುಕಗಳ ಕುಟುಂಬಕ್ಕೆ ಸೇರಿವೆ. ನಮ್ಮ ಮಡಿವಾಳಕ್ಕೆ ಇಂಗ್ಲಿಷಿನಲ್ಲಿ ರಾಬಿನ್ ಎಂಬ ಹೆಸರು ಬಂದದ್ದು ಇಲ್ಲಿಗೆ ಬಂದ ಇಂಗ್ಲಿಷರು ತಮ್ಮೂರಿನ ಹಕ್ಕಿಯನ್ನು ನೆನೆದುಕೊಂಡದ್ದರಿಂದ. ನೀವೀಗ ಅಲ್ಲಿ ಕುಳಿತು ಹಾಸನದ ಹಕ್ಕಿಯನ್ನು ನೆನೆಯುತ್ತಿದ್ದೀರಿ.

ಬ್ರಿಟನ್ನಿನಲ್ಲಿ 2015ರಲ್ಲಿ ರಾಷ್ಟ್ರಪಕ್ಷಿಗಾಗಿ ನಡೆದ ಜನಮತದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು. ರಾಬಿನ್ 34 ಪ್ರತಿಶತ ಮತ ಗಳಿಸಿ ಗೆದ್ದಿತು, ಎರಡನೆಯ ಸ್ಥಾನಕ್ಕೆ ಬಂದ ಕಣಜಗೂಬೆಗೆ ದೊರೆತದ್ದು 12 ಪ್ರತಿಶತ. ಇದಕ್ಕೆ ನನಗೆ ಕಾಣುವ ಕಾರಣ ಎರಡು. ಮೊದಲನೆಯದು ನೀವೇ ಹೇಳಿದ ಗುದ್ದಲಿ. ಕಾಡಿನಲ್ಲಿ ಹಂದಿಯಂತಹ ಪ್ರಾಣಿಗಳು ಮಣ್ಣು ಕೆದಕುವಾಗ ಎದ್ದ ಹುಳುಗಳಿಗಾಗಿ ಅವುಗಳ ಹಿಂದೆ ಹೋಗುತ್ತಿದ್ದ ಹಕ್ಕಿ ಈಗ ಮನುಷ್ಯರ ಹಿಂದೆ ಬರುತ್ತಿದೆ ಎಂದು ತಿಳಿದವರು ಹೇಳುತ್ತಾರೆ. ಯುರೋಪಿನ ಇತರ ಭಾಗಗಳಲ್ಲಿ ಅದೇ ಹಕ್ಕಿ ನಾಚಿಕೆಯದು, ಕಾಡು ಬಿಟ್ಟು ಸುಲಭವಾಗಿ ಹೊರಬರುವುದಿಲ್ಲ. ಎರಡನೆಯದು ಚಳಿಗಾಲದ ಹಾಡು. ಮೂರೂವರೆ ಗಂಟೆಗೇ ಕತ್ತಲಾಗತೊಡಗುವ, ಬೇರೆ ಹಕ್ಕಿಗಳೆಲ್ಲ ಬಾಯಿ ಮುಚ್ಚಿಕೊಂಡಿರುವ ದಿನಗಳಲ್ಲಿ ರಾಬಿನ್ ಹಾಡುತ್ತದೆ. ಆ ಕಾಲದಲ್ಲಿ ಹೆಣ್ಣೂ ತನ್ನದೇ ಗಡಿ ಹಾಕಿಕೊಂಡು ಹಾಡುತ್ತದೆ. ನಿಮಗೆ ಇಂಪಾಗಿ ಕೇಳುವ ಆ ಹಾಡು ಮತ್ತೊಂದು ರಾಬಿನ್ನಿಗೆ ಕೊಡುವ ಎಚ್ಚರಿಕೆ, ಗಡಿ ದಾಟಿದರೆ ಘೋರ ಜಗಳವೇ ಆಗುತ್ತದೆ. ಮಡಿವಾಳವೂ ಇದೇ ಸ್ವಭಾವದ್ದು. ಬೇಸಗೆಯ ನಸುಕಿನಲ್ಲಿ ತೆಂಗಿನ ತುದಿಯಲ್ಲೋ ಆಂಟೆನಾದ ಮೇಲೋ ಕುಳಿತು ಅದು ಗಂಟೆಗಟ್ಟಲೆ ಹಾಡುವುದು ತನ್ನ ಹಿತ್ತಲಿನ ಹಕ್ಕನ್ನು ಸಾರಲು. ದೋಯೆಲ್ ಎಂಬ ಹೆಸರಿನಲ್ಲಿ ಅದು ಬಾಂಗ್ಲಾದೇಶದ ರಾಷ್ಟ್ರಪಕ್ಷಿಯಾಗಿದೆ ಎಂಬುದು ನಿಮಗೆ ಸಂತೋಷ ತಂದೀತು.

ಪ್ರಶ್ನೆ: ಗೂಡಿನಿಂದ ಬಿದ್ದ ಗಿಳಿಮರಿಯೊಂದನ್ನು ತಂದು ಪಂಜರದಲ್ಲಿ ಪ್ರೀತಿಯಿಂದ ಸಾಕಿದ್ದೇವೆ. ಈಗ ಎರಡು ವರ್ಷವಾಯಿತು. ತಪ್ಪೆಂದು ಕೆಲವರು ಹೇಳುತ್ತಾರೆ. ಬಿಟ್ಟುಬಿಡೋಣವೇ?

ಉತ್ತರ: ನಮ್ಮ ನಾಡಿನ ಗಿಳಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ. ಹಾಗೆಂದು ನಾಳೆಯೇ ಪಂಜರದ ಬಾಗಿಲು ತೆರೆಯಬೇಡಿ. ಎರಡು ವರ್ಷ ಬಟ್ಟಲಿನಲ್ಲಿ ತಿಂದ ಹಕ್ಕಿಗೆ ಮೇವು ಹುಡುಕುವುದೂ ಗಿಡುಗಕ್ಕೆ ಹೆದರುವುದೂ ಗೊತ್ತಿರುವುದಿಲ್ಲ, ರೆಕ್ಕೆಯಲ್ಲಿ ಕಸುವೂ ಇರುವುದಿಲ್ಲ. ಅರಣ್ಯ ಇಲಾಖೆಯನ್ನೋ ಅದು ಮಾನ್ಯ ಮಾಡಿದ ಪುನರ್ವಸತಿ ಕೇಂದ್ರವನ್ನೋ ಸಂಪರ್ಕಿಸಿ ಒಪ್ಪಿಸಿ. ಮನೆ ಬಿಕೋ ಎನ್ನುತ್ತದೆ, ಅದು ನನಗೆ ಅರ್ಥವಾಗುತ್ತದೆ. ತಾರಸಿಯ ಮೇಲೆ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳಿನಷ್ಟು ನೀರಿಟ್ಟು ದಿನವೂ ತೊಳೆದು ತುಂಬಿಸಿ. ಪಿಕಳಾರಗಳು ಮೊದಲು ಬರುತ್ತವೆ.

ಪ್ರಶ್ನೆ: ಎಲ್ಲರ ಮೆಚ್ಚಿನ ಹಕ್ಕಿಯನ್ನು ಕೇಳಿದ್ದೀರಿ. ಅಂಕಣಕಾರರ ಮೆಚ್ಚಿನ ಹಕ್ಕಿ ಯಾವುದು?

ಉತ್ತರ: ಟಿಟ್ಟಿಭ. ಕೆರೆಯಂಗಳದಲ್ಲಿ, ಬೀಳು ಹೊಲದಲ್ಲಿ ಉದ್ದನೆಯ ಹಳದಿ ಕಾಲುಗಳ ಮೇಲೆ ನಡೆಯುವ, ಕಣ್ಣಿನ ಮುಂದೆ ಕೆಂಪು ತೊಗಲಿನ ಜೋಲುಳ್ಳ, ಅಪರಾತ್ರಿಯಲ್ಲಿ ಯಾರು ನಡೆದರೂ ಊರಿಗೆಲ್ಲ ಸಾರುವ ಹಕ್ಕಿ ಅದು. ಬಹಳ ಜನರಿಗೆ ಅದರ ಗಲಾಟೆ ಹಿಡಿಸುವುದಿಲ್ಲ. ನನಗೆ ಅದು ಮೆಚ್ಚುಗೆಯಾದದ್ದು ತಿಪಟೂರು ಕಡೆಯ ನಮ್ಮ ಹೊಲದಲ್ಲಿ, ನನ್ನ ಹತ್ತನೆಯ ವಯಸ್ಸಿನಲ್ಲಿ. ಟಿಟ್ಟಿಭ ಗೂಡು ಕಟ್ಟುವುದಿಲ್ಲ. ಬರಿನೆಲದಲ್ಲಿ ಒಂದು ತಗ್ಗು ಮಾಡಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆಯಿಡುತ್ತದೆ. ಮಣ್ಣಿನ ಬಣ್ಣದ, ಕರಿಮಚ್ಚೆಯ ಆ ಮೊಟ್ಟೆಗಳು ನೊರಜುಗಲ್ಲಿನ ನಡುವೆ ಇದ್ದರೆ ಕಾಲಬುಡದಲ್ಲಿದ್ದರೂ ಕಾಣುವುದಿಲ್ಲ.

ಆ ವರ್ಷ ಆರಿದ್ರಾ ಮಳೆಗೆ ರಾಗಿ ಬಿತ್ತುತ್ತಿದ್ದಾಗ ಒಂದು ಹಕ್ಕಿ ಎತ್ತುಗಳ ಮುಂದೆ ನೆಲದ ಮೇಲೆ ರೆಕ್ಕೆ ಹರಡಿ, ಮುರಿದುಹೋದಂತೆ ಎಳೆಯುತ್ತ ದೂರ ಹೋಗತೊಡಗಿತು. ನಾನು ಹಿಡಿಯಲು ಓಡಿದೆ. ದೊಡ್ಡಪ್ಪ ನನ್ನನ್ನು ಕೂಗಿ ನಿಲ್ಲಿಸಿ, ‘ಅದು ನಿನ್ನ ಅತ್ತ ಕರ್ಕೊಂಡು ಹೋಗ್ತಾ ಐತೆ ಕಣೋ, ಮೊಟ್ಟೆ ಇತ್ಲಾಗಿರ್ತವೆ, ಕಾಲಿಡೋ ಕಡೆ ನೋಡ್ಕೊ’ ಎಂದರು. ನಾಲ್ಕು ಹೆಜ್ಜೆಯಾಚೆ ಅವು ಇದ್ದವು. ದೊಡ್ಡಪ್ಪ ಎತ್ತುಗಳನ್ನು ನಿಲ್ಲಿಸಿ ಸುತ್ತಲೂ ನಾಲ್ಕು ಕಲ್ಲಿಟ್ಟರು, ಆ ಜಾಗ ಬಂದಾಗಲೆಲ್ಲ ಕೂರಿಗೆಯನ್ನು ಎತ್ತಿ ದಾಟಿಸಿದರು. ಮುಂದಿನ ವಾರ ಮಳೆ ಕೈಕೊಟ್ಟು ಬಿಸಿಲು ಸುಡತೊಡಗಿತು. ಮಧ್ಯಾಹ್ನ ಬುತ್ತಿ ಒಯ್ದಾಗ ನೋಡಿದೆ: ಹಕ್ಕಿ ಕಟ್ಟೆಯ ನೀರಿಗೆ ಹೋಗಿ, ಹೊಟ್ಟೆಯ ಗರಿಗಳನ್ನು ಚೆನ್ನಾಗಿ ನೆನೆಸಿಕೊಂಡು ಬಂದು, ಒದ್ದೆ ಮೈಯಲ್ಲಿ ಮೊಟ್ಟೆಗಳ ಮೇಲೆ ಕುಳಿತಿತು. ಮೊಟ್ಟೆ ಬೇಯದಂತೆ ತಂಪು ಮಾಡುವ ಉಪಾಯ ಅದೆಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮರಿಗಳಾದ ದಿನ ನಾನು ಶಾಲೆಯಲ್ಲಿದ್ದೆ. ಸಂಜೆ ಹೋಗಿ ನೋಡಿದಾಗ ಮೊಟ್ಟೆಯ ಚೂರೂ ಉಳಿದಿರಲಿಲ್ಲ, ಬದುವಿನಾಚೆ ತಾಯಿಯ ಕೂಗು ಮಾತ್ರ ಕೇಳುತ್ತಿತ್ತು. ಆ ವರ್ಷ ಕೊಯ್ಲಿನವರೆಗೂ ರಾಗಿ ಪೈರಿನ ನಡುವೆ ಒಂದು ಕಂಬಳಿ ಹಾಸುವಷ್ಟು ಜಾಗ ನಾಲ್ಕು ಕಲ್ಲುಗಳ ಒಳಗೆ ಬೋಳಾಗಿಯೇ ಇತ್ತು.